ಕಟ್ಟೆಯ ಮಟ್ಟದ ಕೆಳಗೆ ಇನ್ನೊಂದು ಸಾಲು

ಮುಂಗಾರು ಶುರುವಾದರೆ ಸಾಕು, ಮಂಡ್ಯ ಕಡೆಯವರ ಫೋನಿಗೆ ಗುಡ್ ಮಾರ್ನಿಂಗ್ ಗುಲಾಬಿ ಹೂವಿಗಿಂತ ಮೊದಲು ಬರುವ ಮೆಸೇಜ್ ಒಂದಿದೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ಇಂದಿನ ಮಟ್ಟ ಇಷ್ಟು. ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಸಂಗ್ರಹ ಇಷ್ಟು ಟಿಎಂಸಿ.

ಬೆಂಗಳೂರಿನ ಯಾವುದೋ ಟೆಕ್ ಪಾರ್ಕಿನಲ್ಲಿ ಕೂತವನಿಗೂ ಈ ಮೆಸೇಜ್ ಬೇಕು. ಊರಿಂದ ದೊಡ್ಡಪ್ಪ ಫೋನ್ ಮಾಡಿದರೆ ಮೊದಲ ಪ್ರಶ್ನೆ, ‘ಏನ್ಲಾ ಮಗ, ಕಟ್ಟೆ ಎಷ್ಟಡಿ ಆಗದಂತೆ?’ ನಾವು ಕಿರಂಗೂರಿನವರು. ಕನ್ನಂಬಾಡಿ ಕಟ್ಟೆಯ ಕೆಳಗಿನ ಊರು ನಮ್ಮದು. ನಮ್ಮ ಗದ್ದೆ, ಕಬ್ಬು, ಕುಡಿಯೋ ನೀರು ಎಲ್ಲಾ ಆ ಅಂಕಿಯ ಮೇಲೆ ನಿಂತಿವೆ. ಹೊರಹರಿವು ಒಂದು ಲಕ್ಷ ಕ್ಯುಸೆಕ್ ಹತ್ತಿರ ಬಂತು ಅಂದರೆ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಮೇಲೆ ಓಡಾಟ ನಿಲ್ಲುತ್ತದೆ, ರಂಗನತಿಟ್ಟಿನಲ್ಲಿ ದೋಣಿ ಕಟ್ಟಿಹಾಕುತ್ತಾರೆ, ನಿಮಿಷಾಂಬ ದೇವಸ್ಥಾನದ ಸ್ನಾನಘಟ್ಟ ನೀರಿಗೆ ಹೋಗುತ್ತದೆ. ಇದನ್ನು ಯಾರೂ ನಮಗೆ ಕಲಿಸಲಿಲ್ಲ. ಅಂಕಿ ನೋಡಿ ನೋಡಿ ಅರ್ಥವಾಗಿದೆ.

ಈ ಮೆಸೇಜ್ ಬಗ್ಗೆ ಇನ್ನೊಂದು ವಿಶೇಷ ಇದೆ. ಇದನ್ನು ಎಲ್ಲರೂ ನಂಬುತ್ತಾರೆ. ಸರ್ಕಾರ ಹೇಳುವ ಬೇರೆ ಯಾವ ಮಾತನ್ನೂ ನಂಬದವರು ಕೂಡ ಕಟ್ಟೆಯ ಮಟ್ಟವನ್ನು ನಂಬುತ್ತಾರೆ. ಯಾಕೆ ಅಂತ ಯೋಚಿಸಿದ್ದೀರಾ?

ಅಳತೆ ದಿನಾ ಆಗುತ್ತದೆ, ದಿನಾ ಹೊರಗೆ ಬರುತ್ತದೆ, ಯಾರು ಬೇಕಾದರೂ ಹೋಗಿ ನೋಡಿ ತಾಳೆ ಹಾಕಬಹುದು. ಕಾವೇರಿಯ ಒಂದೊಂದು ಟಿಎಂಸಿಗೂ ಎರಡು ರಾಜ್ಯಗಳು ಕಣ್ಣಿಟ್ಟು ಕೂತಿವೆ. 1990ರಲ್ಲಿ ನ್ಯಾಯಮಂಡಳಿ ಬಂತು, 2007ರಲ್ಲಿ ಅದರ ಅಂತಿಮ ತೀರ್ಪು ಬಂತು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಇಷ್ಟೆಲ್ಲಾ ಜಗಳದ ನಡುವೆ ನೀರಿನ ಲೆಕ್ಕ ಮುಚ್ಚಿಡೋಕೆ ಯಾರಿಗೂ ಆಗುವುದಿಲ್ಲ. ಕೇಳುವವರು ಜಾಸ್ತಿ ಇದ್ದಲ್ಲಿ ಲೆಕ್ಕ ತಾನಾಗೇ ತೆರೆದುಕೊಳ್ಳುತ್ತದೆ.

ಈ ವಾರದ ಅಂಕಣದಲ್ಲಿ ನನ್ನದೊಂದು ಸಣ್ಣ ಬೇಡಿಕೆ. ಆ ಮೆಸೇಜಿನ ಕೆಳಗೆ ಇನ್ನೊಂದು ಸಾಲು ಸೇರಲಿ. ‘ಇಂದು ಅಣೆಕಟ್ಟೆಯ ಬಳಿ ದಾಖಲಾದ ಕಂಪನ: ಇಷ್ಟು.’

ಆ ಒಂದು ಸಾಲು ಇಲ್ಲದ್ದರಿಂದ ನಮ್ಮ ಕಡೆ ಏನೇನಾಯಿತು ಅಂತ ಹೇಳುತ್ತೇನೆ, ಕೇಳಿ.

2018ರ ಒಂದು ಶಬ್ದ

2018ರ ಸೆಪ್ಟೆಂಬರ್ 25. ಕೆಆರ್‌ಎಸ್ ಸುತ್ತಮುತ್ತ ಜೋರಾದ ಶಬ್ದ ಕೇಳಿಸಿತು. ಭೂಕಂಪವೇ, ಗಣಿಯ ಸ್ಫೋಟವೇ, ಆಕಾಶದಲ್ಲಿ ಹೋದ ವಿಮಾನವೇ ಅಂತ ಊರೂರಲ್ಲಿ ಚರ್ಚೆ. ಇಂಥ ವಿಷಯ ನೋಡಿಕೊಳ್ಳಲು ನಮ್ಮಲ್ಲೇ ಒಂದು ಸರ್ಕಾರಿ ಸಂಸ್ಥೆ ಇದೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಮಳೆ ಎಷ್ಟು ಬಿತ್ತು ಅಂತ ಹೋಬಳಿವಾರು ಲೆಕ್ಕ ಕೊಡುವವರು ಇವರೇ. ಕೆಆರ್‌ಎಸ್ ಬಳಿ ಇರುವ ಇವರ ಕಂಪನ ಮಾಪನ ಕೇಂದ್ರದಲ್ಲಿ ಆ ದಿನದ ಸಂಕೇತ ದಾಖಲಾಗಿತ್ತು. ಕಲ್ಲು ಗಣಿಯ ಸ್ಫೋಟದಿಂದ ಆಗಿರಬಹುದಾದದ್ದು, ಹೀಗೇ ನಡೆದರೆ ಅಣೆಕಟ್ಟೆಗೆ ಅಪಾಯ ಆಗಬಹುದು, ಸುತ್ತಲಿನ ಗಣಿಗಾರಿಕೆ ನಿಲ್ಲಿಸುವುದು ಒಳ್ಳೆಯದು ಎಂಬ ಅರ್ಥದ ವರದಿಯನ್ನು ಸಂಸ್ಥೆ ಕೊಟ್ಟಿತು.

ಸ್ವಲ್ಪ ನಿಂತು ನೋಡಿ. ಇದು ಯಾವುದೋ ಸಂಘಟನೆಯ ಆರೋಪ ಅಲ್ಲ, ಪೇಪರಿನವರ ಊಹೆಯೂ ಅಲ್ಲ. ಸರ್ಕಾರದ ಯಂತ್ರ ಅಳೆದು, ಸರ್ಕಾರದ ತಜ್ಞರು ಓದಿ, ಸರ್ಕಾರಕ್ಕೇ ಬರೆದ ಮಾತು. ವ್ಯವಸ್ಥೆ ತನ್ನ ಕೆಲಸ ಮಾಡಿತ್ತು. ಆದರೆ ಕಟ್ಟೆಯ ಕೆಳಗೆ ಇರುವ ನಮಗೆ ಅದು ಗೊತ್ತಾಗಿದ್ದು ಪೇಪರಿನಿಂದ, ಅದೂ ತುಂಡು ತುಂಡಾಗಿ. ಪಂಚಾಯ್ತಿ ಬೋರ್ಡಿನ ಮೇಲೆ ಯಾರೂ ಅಂಟಿಸಲಿಲ್ಲ, ಗ್ರಾಮ ಸಭೆಯಲ್ಲಿ ಯಾರೂ ಬಂದು ಓದಿ ಹೇಳಲಿಲ್ಲ.

ಗಣಿ ಅಂದರೆ ಎಲ್ಲಿಯದು? ಪಾಂಡವಪುರ ತಾಲೂಕಿನ ಬೇಬಿ ಬೆಟ್ಟ. ಹೆಸರು ಕೇಳಿ ನಗಬೇಡಿ, ನಮ್ಮ ಕಡೆ ಅದು ದೊಡ್ಡ ಹೆಸರು. ಶಿವರಾತ್ರಿ ಸುಮಾರಿಗೆ ಅಲ್ಲಿ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಹೋರಿಗಳನ್ನು ಸಿಂಗಾರ ಮಾಡಿಕೊಂಡು ರೈತರು ಬರುತ್ತಾರೆ. ಅದೇ ಬೆಟ್ಟದ ಸುತ್ತ ಕಲ್ಲು ಗಣಿಗಳು, ಕ್ರಷರ್‌ಗಳು ಎದ್ದವು. ಅಣೆಕಟ್ಟೆಯಿಂದ 20 ಕಿ.ಮೀ. ಒಳಗೇ.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕಟ್ಟೆ ಬಿರುಕು ಬಿಟ್ಟಿದೆ ಅಂತ ನಾನು ಹೇಳುತ್ತಿಲ್ಲ. 1911ರಲ್ಲಿ ಕೆಲಸ ಶುರುವಾಗಿ 1930ರ ದಶಕದ ಆರಂಭಕ್ಕೆ ಮುಗಿದ ಕಟ್ಟೆ ಅದು. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿ ಕಟ್ಟಿದ್ದು. ಎಷ್ಟೋ ಪ್ರವಾಹ ನೋಡಿ ನಿಂತಿದೆ. ಆದರೂ ನೂರು ವರ್ಷದ ಹತ್ತಿರದ ಅಜ್ಜನ ಪಕ್ಕ ದಿನಾ ತಮಟೆ ಹೊಡೆದರೆ ಅಜ್ಜನಿಗೆ ಏನಾಗುತ್ತೆ ಅಂತ ಕೇಳುವುದು ತಪ್ಪಾ? ಡಾಕ್ಟರ್ ಪರೀಕ್ಷೆ ಮಾಡಿದ ಕಾಗದ ಮನೆಯವರಿಗೆ ತೋರಿಸಿ ಅನ್ನುವುದು ಅತಿಯಾಯಿತಾ?

ಬಾಯಿ ಜೋರು, ಅಂಕಿ ಇಲ್ಲ

2021ರ ಜುಲೈ ನಿಮಗೆ ನೆನಪಿರಬಹುದು. ಆಗ ಸಂಸದೆಯಾಗಿದ್ದ ಸುಮಲತಾ ಅವರು ಅಕ್ರಮ ಗಣಿಗಾರಿಕೆಯಿಂದ ಕೆಆರ್‌ಎಸ್‌ಗೆ ಅಪಾಯ ಎಂದರು. ಎಚ್.ಡಿ. ಕುಮಾರಸ್ವಾಮಿ ಅವರು ತಿರುಗೇಟು ಕೊಟ್ಟರು. ಟಿವಿಯಲ್ಲಿ ವಾರಗಟ್ಟಲೆ ಅದೇ. ಕಟ್ಟೆ ಬಿರುಕು ಬಿಟ್ಟಿಲ್ಲ ಎಂದು ನೀರಾವರಿ ಅಧಿಕಾರಿಗಳು ಹೇಳಿದರು. ಅದೇ ತಿಂಗಳು ಕಟ್ಟೆಯ ಬಳಿಯ ತಡೆಗೋಡೆಯ ಕಲ್ಲುಗಳು ಕುಸಿದವು. ಅದು ಮುಖ್ಯ ಕಟ್ಟೆಯ ಭಾಗ ಅಲ್ಲ, ಮಳೆಯಿಂದ ಆಗಿದ್ದು ಅಂತ ವಿವರಣೆ ಬಂತು. ಆ ವಿವರಣೆ ಸರಿಯೇ ಇರಬಹುದು. ಆದರೆ ಅಷ್ಟರಲ್ಲಿ ಊರು ಎರಡು ಭಾಗ ಆಗಿಹೋಗಿತ್ತು. ಯಾವ ಪಕ್ಷಕ್ಕೆ ಓಟು ಹಾಕುತ್ತೀರಿ ಅನ್ನುವುದರ ಮೇಲೆ ಕಟ್ಟೆ ಬಿರುಕು ಬಿಟ್ಟಿದೆಯೋ ಇಲ್ಲವೋ ಅನ್ನುವುದು ತೀರ್ಮಾನ ಆಗುತ್ತಿತ್ತು!

ನಗು ಬರುತ್ತದೆ, ಆದರೆ ನಗುವ ವಿಷಯ ಅಲ್ಲ. ನೀರಿನ ಮಟ್ಟದ ಬಗ್ಗೆ ಯಾರೂ ಹೀಗೆ ಪಕ್ಷ ಕಟ್ಟುವುದಿಲ್ಲ. 110 ಅಡಿ ಅಂದರೆ ಎಲ್ಲಾ ಪಕ್ಷದವರಿಗೂ 110 ಅಡಿಯೇ. ಅಂಕಿ ಎದುರಿಗಿದ್ದರೆ ವಾದಕ್ಕೆ ಒಂದು ಮಿತಿ ಇರುತ್ತದೆ. ಅಂಕಿ ಫೈಲಿನಲ್ಲಿದ್ದರೆ ಯಾರ ಗಂಟಲು ದೊಡ್ಡದೋ ಅವರ ಮಾತೇ ಸತ್ಯ.

ನೀವು ಆಫೀಸಿನಲ್ಲಿ ನೋಡಿರುತ್ತೀರಿ. ಸರ್ವರ್ ಅರ್ಧ ಗಂಟೆ ಬಿದ್ದುಹೋದರೆ ಏನು ಮಾಡುತ್ತಾರೆ? ಯಾವಾಗ ಬಿತ್ತು, ಯಾಕೆ ಬಿತ್ತು, ಇನ್ನು ಮುಂದೆ ಬೀಳದ ಹಾಗೆ ಏನು ಮಾಡಿದೆವು ಅಂತ ಆರ್‌ಸಿಎ ಬರೆದು ಕ್ಲೈಂಟಿಗೆ ಕಳಿಸಬೇಕು. ‘ನಮ್ಮ ಸರ್ವರ್ ಸುಭದ್ರವಾಗಿದೆ, ಆತಂಕ ಬೇಡ’ ಅಂತ ಒಂದು ಸಾಲು ಬರೆದು ಕಳಿಸಿದರೆ ಕ್ಲೈಂಟ್ ಸುಮ್ಮನಿರುತ್ತಾನಾ? ಒಂದು ಆ್ಯಪ್‌ಗೆ ಕೇಳುವಷ್ಟು ಲೆಕ್ಕವನ್ನು ನಾವು ಒಂದು ಅಣೆಕಟ್ಟೆಗೆ ಕೇಳುವುದಿಲ್ಲ.

ಪರೀಕ್ಷೆಯನ್ನೇ ಬೇಡ ಅಂದವರು

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಭಾಗ ಇಲ್ಲಿದೆ.

ಸ್ಫೋಟದಿಂದ ಕಟ್ಟೆಗೆ ತೊಂದರೆ ಆಗುತ್ತದೋ ಇಲ್ಲವೋ ಅಂತ ತಿಳಿಯಲು 2022ರ ಜುಲೈನಲ್ಲಿ ಬೇಬಿ ಬೆಟ್ಟದಲ್ಲಿ ಪರೀಕ್ಷಾರ್ಥ ಸ್ಫೋಟ, ಅಂದರೆ ಟ್ರಯಲ್ ಬ್ಲಾಸ್ಟ್ ಮಾಡಲು ಹೊರಟರು. ಹೊರರಾಜ್ಯದಿಂದ ತಜ್ಞರು ಬಂದರು. ರೈತ ಸಂಘದವರು ಬೀದಿಗಿಳಿದರು, ‘ಗೋ ಬ್ಯಾಕ್’ ಎಂದರು. ಸ್ಫೋಟ ನಿಂತಿತು. 2024ರ ಜುಲೈನಲ್ಲಿ ಮತ್ತೆ ಪ್ರಯತ್ನ, ಮತ್ತೆ ವಿರೋಧ, ಮತ್ತೆ ಮುಂದಕ್ಕೆ ಹೋಯಿತು.

ಬೆಂಗಳೂರಿನ ನನ್ನ ಸಹೋದ್ಯೋಗಿ ಒಬ್ಬರು ಕೇಳಿದರು, ‘ಅಲ್ಲಾ ಮಾರಾಯ್ರೆ, ವೈಜ್ಞಾನಿಕವಾಗಿ ಟೆಸ್ಟ್ ಮಾಡ್ತೀವಿ ಅಂದ್ರೆ ನಿಮ್ಮೂರಿನವರಿಗೆ ಏನ್ ಕಷ್ಟ?’ ಮೇಲ್ನೋಟಕ್ಕೆ ಪ್ರಶ್ನೆ ಸರಿ ಇದೆ. ಅದಕ್ಕೇ ಟ್ರಯಲ್ ಬ್ಲಾಸ್ಟ್ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

ಬಂಡೆಯಲ್ಲಿ ಕುಳಿ ಕೊರೆದು, ತೂಕ ಮಾಡಿದ ಸ್ಫೋಟಕ ತುಂಬುತ್ತಾರೆ. ಬೇರೆ ಬೇರೆ ದೂರದಲ್ಲಿ ಕಂಪನ ಮಾಪಕಗಳನ್ನು ಇಡುತ್ತಾರೆ. ಸಿಡಿಸಿದಾಗ ನೆಲದ ಕಣಗಳು ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗಿದವು ಅಂತ ಅಳೆಯುತ್ತಾರೆ. ಸ್ಫೋಟಕದ ತೂಕ ಎಷ್ಟಾದರೆ, ದೂರ ಎಷ್ಟಾದರೆ, ಅಲುಗಾಟ ಎಷ್ಟು ಅನ್ನುವ ಲೆಕ್ಕ ಸಿಗುತ್ತದೆ. ಅದರಿಂದ ‘ಇಷ್ಟು ತೂಕದವರೆಗೆ ಸಿಡಿಸಿದರೆ ತೊಂದರೆ ಇಲ್ಲ’ ಅಂತ ನಿಯಮ ಮಾಡಬಹುದು. ವಿಧಾನ ತಪ್ಪಲ್ಲ.

ಆದರೆ ನಮ್ಮ ದೊಡ್ಡಪ್ಪನ ಪ್ರಶ್ನೆ ಬೇರೆ. ‘ಟೆಸ್ಟಿನ್ ದಿನ ತೂಕ ಮಾಡಿ ತುಂಬ್ತಾರೆ ಕಣ್ಲಾ. ರಾತ್ರಿ ಹೊತ್ನಲ್ಲಿ ಕದ್ದು ಮೆಗ್ಗರ್ ಬ್ಲಾಸ್ಟ್ ಮಾಡೋನು ತೂಕ ಮಾಡ್ತಾನಾ?’

ಉತ್ತರ ಇದೆಯಾ ನಿಮ್ಮ ಹತ್ತಿರ? ಗಾಡಿಯ ಹೊಗೆ ಪರೀಕ್ಷೆಗೆ ಹೋಗುವ ಮುಂಚೆ ಟ್ಯೂನಿಂಗ್ ಮಾಡಿಸಿಕೊಂಡು ಹೋಗುವವರು ನಾವು. ಪರೀಕ್ಷೆಯ ದಿನದ ಗಾಡಿಯೇ ಬೇರೆ, ವರ್ಷವಿಡೀ ಓಡುವ ಗಾಡಿಯೇ ಬೇರೆ ಅಂತ ನಮಗೆ ಚೆನ್ನಾಗಿ ಗೊತ್ತು. ಪರೀಕ್ಷೆ ಪಾಸಾದ ಕಾಗದ ಒಮ್ಮೆ ಕೈಗೆ ಬಂದರೆ ಆ ಕಾಗದವೇ ಪರ್ಮಿಟ್ ಆಗುತ್ತದೆ, ಆಮೇಲೆ ಯಾರೂ ಅಳೆಯಲು ಬರುವುದಿಲ್ಲ ಅನ್ನುವುದೇ ಊರಿನವರ ಭಯ. ರೈತರಿಗೆ ವಿಜ್ಞಾನದ ಮೇಲೆ ಸಿಟ್ಟಿಲ್ಲ. ಕಟ್ಟೆಯ ಮಟ್ಟ ಅಳೆಯುವ ವಿಜ್ಞಾನವನ್ನು ಅವರು ದಿನಾ ನಂಬುತ್ತಾರೆ. ವರ್ಷದ ಒಂದು ದಿನ ಅಳೆದು 364 ದಿನ ಕಣ್ಣು ಮುಚ್ಚುವ ವಿಜ್ಞಾನವನ್ನು ನಂಬುವುದಿಲ್ಲ, ಅಷ್ಟೆ.

ಈ ಅಪನಂಬಿಕೆ ಒಂದೇ ದಿನದಲ್ಲಿ ಹುಟ್ಟಿದ್ದೂ ಅಲ್ಲ. ನಮ್ಮದು ರೈತ ಸಂಘದ ನೆಲ. 1980ರಲ್ಲಿ ಸಂಘ ಶುರುವಾದ ಮೇಲಿನ ವರ್ಷಗಳಲ್ಲಿ ಎಷ್ಟೋ ಹಳ್ಳಿಗಳ ಬಾಗಿಲಲ್ಲಿ, ಅಧಿಕಾರಿಗಳು ಊರಿನ ಅನುಮತಿ ಇಲ್ಲದೆ ಒಳಗೆ ಬರುವಂತಿಲ್ಲ ಎಂಬ ಬೋರ್ಡು ನಿಂತಿತ್ತು. ಪಾಂಡವಪುರ ತಾಲೂಕು ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ ಅದೇ ಚಳವಳಿಯಿಂದ ಬಂದು ಶಾಸಕರಾದವರು. ಸರ್ಕಾರಿ ಕಚೇರಿಗೆ ಹೋದಾಗ ಕೈ ಕಟ್ಟಿ ನಿಲ್ಲಬೇಡಿ, ಕುರ್ಚಿ ಕೇಳಿ ಕೂತು ಮಾತಾಡಿ ಅನ್ನುವ ಧೈರ್ಯವನ್ನು ನಮ್ಮ ಅಪ್ಪಂದಿರ ತಲೆಮಾರಿಗೆ ಕೊಟ್ಟದ್ದು ಆ ಚಳವಳಿ. ಬೀದಿಗೆ ಇಳಿಯುವ ಹಕ್ಕು ನಮಗೆ ಬಳುವಳಿಯಾಗಿ ಬಂದಿದೆ. ಅದನ್ನು ಉಳಿಸಿಕೊಳ್ಳಲೇಬೇಕು. ಆದರೆ ಬೀದಿಯಿಂದ ಸ್ಫೋಟವನ್ನು ನಿಲ್ಲಿಸಬಹುದು. ಕಂಪನವನ್ನು ಅಳೆಯುವುದಕ್ಕೆ ಬೀದಿ ಸಾಲದು.

ಇನ್ನೊಂದು ಕಡೆಯ ಮಾತನ್ನೂ ಕೇಳಬೇಕು. ಕಲ್ಲು ಒಡೆದೇ ಹೊಟ್ಟೆ ಹೊರೆಯುವ ಕುಟುಂಬಗಳು ಬೆಟ್ಟದ ಸುತ್ತ ಇವೆ. ಲಾರಿ ಓಡಿಸುವವರು, ಟೀ ಅಂಗಡಿಯವರು, ಕ್ರಷರ್‌ನಲ್ಲಿ ಕೂಲಿ ಮಾಡುವವರು. ‘ನಿಮ್ಮ ಕಟ್ಟೆ ಉಳಿಯಲಿ, ನಮ್ಮ ಒಲೆ ಉರಿಯೋದು ಬೇಡ್ವಾ ಅಣ್ಣ?’ ಅಂತ ಅವರು ಕೇಳಿದರೆ ಬಾಯಿ ಕಟ್ಟುತ್ತದೆ. ನಾನು ಬೆಂಗಳೂರಿಗೆ ಹೋಗಿಬರುವ ಹತ್ತು ಪಥದ ರಸ್ತೆಗೂ, ನೀವು ಬಾಡಿಗೆಗಿರುವ ಅಪಾರ್ಟ್‌ಮೆಂಟಿಗೂ ಜಲ್ಲಿ ಎಲ್ಲಿಂದಲೋ ಬಂದೇ ಬಂದಿದೆ. ತೆರೆದ ಅಂಕಿ ಅವರಿಗೂ ಬೇಕು. ಎಲ್ಲಿ, ಎಷ್ಟು, ಹೇಗೆ ಒಡೆದರೆ ಕಟ್ಟೆಗೆ ಅಪಾಯ ಇಲ್ಲ ಅನ್ನುವುದು ಎಲ್ಲರ ಕಣ್ಣೆದುರು ಇದ್ದರೆ, ಕಾನೂನಿನ ಪ್ರಕಾರ ಕೆಲಸ ಮಾಡುವವನ ಮೇಲೆ ಕಳ್ಳನ ಪಟ್ಟ ಬೀಳುವುದಿಲ್ಲ.

ಕೋರ್ಟ್ ಹೇಳಿದ್ದು

2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಈ ವಿಷಯದಲ್ಲಿ ದೊಡ್ಡ ಮಾತು ಹೇಳಿತು. ಆಗಿನ ಮುಖ್ಯ ನ್ಯಾಯಮೂರ್ತಿ ಪಿ.ಬಿ. ವರಾಳೆ ಅವರಿದ್ದ ಪೀಠ, ಅಣೆಕಟ್ಟೆ ಸುರಕ್ಷತಾ ಕಾಯ್ದೆಯಡಿ ಅಧ್ಯಯನ ಮುಗಿಯುವವರೆಗೆ ಕೆಆರ್‌ಎಸ್ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ಬೇಡ ಎಂದು ಆದೇಶಿಸಿತು. ತಮಾಷೆ ಏನೆಂದರೆ ಕೋರ್ಟಿನ ಮೆಟ್ಟಿಲು ಹತ್ತಿದ್ದು ಕಲ್ಲು ಗಣಿಯ ಕಡೆಯವರು. ತಮ್ಮ ಮೇಲಿನ ನಿರ್ಬಂಧವನ್ನು ಪ್ರಶ್ನಿಸಲು ಹೋದರು. ಉತ್ತರ ಸಿಕ್ಕಿದ್ದು ಕಟ್ಟೆಯ ಪರವಾಗಿ.

ಆ ಕಾಯ್ದೆಯ ಬಗ್ಗೆ ನಮ್ಮಲ್ಲಿ ಚರ್ಚೆ ಕಡಿಮೆ. ಸಂಸತ್ತು ಅದನ್ನು ಮಾಡಿದ್ದು 2021ರಲ್ಲಿ, ಜಾರಿಗೆ ಬಂದದ್ದು ಅದೇ ವರ್ಷದ ಡಿಸೆಂಬರ್ 30ರಂದು. 15 ಮೀಟರಿಗಿಂತ ಎತ್ತರದ ಅಣೆಕಟ್ಟೆಗಳೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಅದರಲ್ಲಿ ನಮಗೆ ಬೇಕಾದ ಎರಡು ಮುಖ್ಯ ವಿಷಯ ಇವೆ. ಒಂದು, ಪ್ರತಿ ಕಟ್ಟೆಗೂ ಸ್ವತಂತ್ರ ತಜ್ಞರಿಂದ ಸಮಗ್ರ ಸುರಕ್ಷತಾ ಮೌಲ್ಯಮಾಪನ ಆಗಬೇಕು. ಇನ್ನೊಂದು, ತುರ್ತು ಕ್ರಿಯಾ ಯೋಜನೆ ಇರಬೇಕು. ಅಂದರೆ ಕಟ್ಟೆಗೆ ಏನಾದರೂ ಆದರೆ ನೀರು ಎಲ್ಲಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಊರಿನವರು ಎಲ್ಲಿಗೆ ಹೋಗಬೇಕು, ಯಾರು ಎಚ್ಚರಿಸಬೇಕು ಅನ್ನುವ ಯೋಜನೆ. ಹಳೆಯ ಕಟ್ಟೆಗಳಿಗೆ ಈ ಎರಡನ್ನೂ ಮಾಡಲು ಕಾಯ್ದೆ ಕೊಟ್ಟಿರುವ ಗಡುವು ಐದು ವರ್ಷ. ಲೆಕ್ಕ ಹಾಕಿ, 2026ರ ಡಿಸೆಂಬರ್‌ಗೆ ಮುಗಿಯುತ್ತದೆ.

ಕಿರಂಗೂರು, ಬಾಬುರಾಯನಕೊಪ್ಪಲು, ಶ್ರೀರಂಗಪಟ್ಟಣ, ಗಂಜಾಂ, ಈ ಊರುಗಳ ನನ್ನ ಓದುಗ ಗೆಳೆಯರೇ, ಕಟ್ಟೆಯಲ್ಲಿ ಹೆಚ್ಚುಕಮ್ಮಿ ಆದರೆ ನಿಮ್ಮ ಅಪ್ಪ ಅಮ್ಮ ಎಲ್ಲಿಗೆ ಹೋಗಬೇಕು ಅಂತ ನಿಮಗೆ ಗೊತ್ತಾ? ನಿಮ್ಮ ಕಂಪನಿಯಲ್ಲಿ ಫೈರ್ ಡ್ರಿಲ್ ಆಗುತ್ತದೆ, ಅಸೆಂಬ್ಲಿ ಪಾಯಿಂಟ್ ಎಲ್ಲಿದೆ ಅಂತ ಹಸಿರು ಬೋರ್ಡ್ ಇರುತ್ತದೆ. ಊರಿನ ಅಸೆಂಬ್ಲಿ ಪಾಯಿಂಟ್ ಎಲ್ಲಿ?

‘ಏನೂ ಆಗಲ್ಲ ಬಿಡಿ’ ಅನ್ನುವವರಿಗೆ ತುಂಗಭದ್ರಾ ನೆನಪಿಸುತ್ತೇನೆ. 2024ರ ಆಗಸ್ಟ್ 10ರ ರಾತ್ರಿ, ತುಂಬಿ ನಿಂತ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. 33 ಗೇಟಿನಲ್ಲಿ ಒಂದು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದ್ದನ್ನು ಇಡೀ ರಾಜ್ಯ ಉಸಿರು ಬಿಗಿಹಿಡಿದು ನೋಡಿತು. ಅಷ್ಟರಲ್ಲಿ ರೈತರ ಪಾಲಿನ ಎಷ್ಟೋ ಟಿಎಂಸಿ ನೀರು ಹೊಳೆಗೆ ಹೋಗಿತ್ತು.

ಇನ್ನೂ ಕೆಟ್ಟದ್ದು ಆದ ಊರೂ ಇದೆ. ನಮ್ಮಲ್ಲಿ ಆ ಶಬ್ದ ಕೇಳಿಸಿದ ವರ್ಷವೇ, 2018ರ ಮೇ 9ರ ರಾತ್ರಿ, ಆಫ್ರಿಕಾದ ಕೀನ್ಯಾ ದೇಶದ ಸೊಲಾಯ್ ಎಂಬಲ್ಲಿ ಖಾಸಗಿ ತೋಟದ ಕಟ್ಟೆಯೊಂದು ಮಳೆಗೆ ಒಡೆದು ಕನಿಷ್ಠ 47 ಜನ ಸತ್ತರು. ಆಮೇಲೆ ವಿಚಾರಣೆ ಮಾಡಿದ ಅಲ್ಲಿನ ಸೆನೆಟ್ ಸಮಿತಿಗೆ ಕಂಡದ್ದು, ಕಟ್ಟೆಗೆ ಬೇಕಾದ ಅನುಮತಿಯೇ ಇರಲಿಲ್ಲ ಅನ್ನುವುದು. ಕೀನ್ಯಾ ನಮ್ಮಂತೆಯೇ ಚುನಾವಣೆ ನಡೆಸುವ, ಕೋರ್ಟ್ ಇರುವ ದೇಶ. 2010ರ ಅವರ ಸಂವಿಧಾನದ 35ನೇ ವಿಧಿ ಮಾಹಿತಿ ಪಡೆಯುವ ಹಕ್ಕು ಕೊಟ್ಟಿದೆ. ಹಕ್ಕು ಪುಸ್ತಕದಲ್ಲಿ ಇತ್ತು, ಕಟ್ಟೆಗೆ ಅನುಮತಿ ಇಲ್ಲ ಎಂಬ ಸತ್ಯ ಜೋರಾಗಿ ಹೊರಗೆ ಬಂದದ್ದು ಹೆಣ ಎಣಿಸಿದ ಮೇಲೆ.

ದಸರೆಯಲ್ಲಿ ಲೆಕ್ಕ ಓದಿದ ಕಾಲ

ನಮ್ಮೂರಿನ ಹೆಸರು ನೀವು ಕೇಳಿದ್ದರೆ ಅದು ಬಹುಶಃ ದಸರೆಯಿಂದ. ಶ್ರೀರಂಗಪಟ್ಟಣ ದಸರೆಗೆ ಚಾಲನೆ ಸಿಗುವುದು ಕಿರಂಗೂರಿನ ಬನ್ನಿಮಂಟಪದ ಬಳಿ. 1610ರಲ್ಲಿ ರಾಜ ಒಡೆಯರ್ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಶುರುವಾದ ದಸರೆ ಆಮೇಲೆ ಮೈಸೂರಿಗೆ ಹೋಯಿತು. ಆನೆ, ಅಂಬಾರಿ, ಬನ್ನಿಪೂಜೆ ಎಲ್ಲರಿಗೂ ಗೊತ್ತು. ದಸರೆಗೆ ಇನ್ನೊಂದು ಮುಖ ಇತ್ತು ಅನ್ನುವುದು ಅಷ್ಟು ಜನಕ್ಕೆ ಗೊತ್ತಿಲ್ಲ.

1881ರ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಸಮಯ ಗೊತ್ತು ಮಾಡಿದ್ದು ದಸರೆಗೆ ಹೊಂದಿಕೊಂಡು, ಹೇಗೂ ಊರೂರಿಂದ ಜನ ಬಂದಿರುತ್ತಾರಲ್ಲ. 144 ಪ್ರತಿನಿಧಿಗಳ ಎದುರು ದಿವಾನರು ಸರ್ಕಾರದ ಆದಾಯ ಎಷ್ಟು, ಖರ್ಚು ಎಷ್ಟು, ಏನು ಮಾಡಿದೆವು, ಏನು ಮಾಡಲಿದ್ದೇವೆ ಅಂತ ವಿವರ ಇಟ್ಟರು. ಬಂದವರಲ್ಲಿ ಹೆಚ್ಚಿನವರು ಜಮೀನುದಾರರು, ವರ್ತಕರು. ಬಡವರ ಸಭೆ ಅದಾಗಿರಲಿಲ್ಲ, ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರವೂ ಅದಕ್ಕೆ ಇರಲಿಲ್ಲ. ಆದರೂ ಆಳುವವರು ವರ್ಷಕ್ಕೊಮ್ಮೆ ಜನರ ಎದುರು ನಿಂತು ಲೆಕ್ಕ ಓದಬೇಕು ಅನ್ನುವ ರೂಢಿ ಈ ನೆಲದಲ್ಲಿ ಹಾಗೆ ಬಂತು. ಅರಸರ ಕಾಲದಲ್ಲಿ, ಓಟಿಲ್ಲದ ಜನಕ್ಕೆ.

ಇವತ್ತು ನಮಗೆ ಓಟಿದೆ, ಗ್ರಾಮ ಸಭೆ ಇದೆ, 2005ರಿಂದ ಮಾಹಿತಿ ಹಕ್ಕು ಕಾಯ್ದೆ ಇದೆ. ಆ ಕಾಯ್ದೆಯ 4ನೇ ಸೆಕ್ಷನ್ ಏನು ಹೇಳುತ್ತದೆ ಗೊತ್ತಾ? ಜನ ಕೇಳುವವರೆಗೆ ಕಾಯಬೇಡಿ, ಜನರಿಗೆ ತಟ್ಟುವ ನಿರ್ಧಾರಗಳ ಹಿಂದಿನ ಸಂಗತಿಗಳನ್ನು ನೀವೇ ಪ್ರಕಟಿಸಿ, ತೊಂದರೆಗೆ ಒಳಗಾಗುವವರಿಗೆ ಕಾರಣ ಕೊಡಿ ಎನ್ನುತ್ತದೆ. ಕಂಪನದ ಅಂಕಿಯನ್ನು ದಿನಾ ಹಾಕಿ ಎಂದು ನಾನು ಕೇಳುತ್ತಿರುವುದು ಹೊಸ ಕಾನೂನನ್ನಲ್ಲ. ಇರುವ ಕಾನೂನಿನ ಒಂದು ಸಾಲನ್ನು.

ಫೋನಿನಲ್ಲೇ ಮಾಡಬಹುದಾದ ಕೆಲಸ

ವೀಕೆಂಡಿಗೆ ಊರಿಗೆ ಹೋಗಿ ಧರಣಿ ಕೂರಲು ಎಲ್ಲರಿಗೂ ಆಗುವುದಿಲ್ಲ. ಆದರೆ ನಿಮ್ಮ ಕೈಲಿ ಫೋನಿದೆ. ಕರ್ನಾಟಕದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು. ಬೇಕಾದ ಕಚೇರಿ ಪೋರ್ಟಲ್‌ನಲ್ಲಿ ಸಿಗದಿದ್ದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅಂಚೆಯಲ್ಲಿ ಕಳಿಸಿ. ತಪ್ಪು ಕಚೇರಿಗೆ ಹೋದರೂ ಸರಿಯಾದ ಕಚೇರಿಗೆ ಐದು ದಿನದಲ್ಲಿ ವರ್ಗಾಯಿಸುವುದು ಅವರ ಹೊಣೆ. ಉತ್ತರಕ್ಕೆ 30 ದಿನ. ಬರದಿದ್ದರೆ ಅಥವಾ ಸರಿ ಇಲ್ಲದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ದಿನಾಂಕಗಳನ್ನು ಫೋನ್ ಕ್ಯಾಲೆಂಡರಿಗೆ ಹಾಕಿಕೊಳ್ಳಿ. ಅರ್ಜಿ ಹಾಕಿ ಮರೆಯುವವರನ್ನು ಕಚೇರಿಯೂ ಬೇಗ ಮರೆಯುತ್ತದೆ.

ಒಂದು ಎಚ್ಚರಿಕೆ. ವ್ಯಕ್ತಿಗಳ ಹೆಸರು ಕೇಳುವುದಕ್ಕೆ ಹೋಗಬೇಡಿ. 2023ರ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ ಒಂದು ಮುಖ್ಯ ಸೆಕ್ಷನ್ನನ್ನು ಬದಲಿಸಿದೆ. ‘ವೈಯಕ್ತಿಕ ಮಾಹಿತಿ’ ಅಂತ ಹೇಳಿ ಉತ್ತರ ನಿರಾಕರಿಸುವುದು ಈಗ ಮೊದಲಿಗಿಂತ ಸುಲಭ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಅನ್ನುವ ಸೆಕ್ಷನ್ ಇನ್ನೂ ಇದೆ, ಆದರೆ ಅದಕ್ಕೆ ಜಗ್ಗಾಟ ಬೇಕು. ಅಂಕಿ ಕೇಳಿ. ಕಂಪನಕ್ಕೆ ಆಧಾರ್ ಕಾರ್ಡ್ ಇಲ್ಲ, ಅದು ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ.

ಮೂರು ಅರ್ಜಿಗೆ ಬೇಕಾದ ಮಾತು ಇಲ್ಲಿದೆ. ಕಾಪಿ ಮಾಡಿಕೊಳ್ಳಿ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ: ‘ಕೆಆರ್‌ಎಸ್ ಅಣೆಕಟ್ಟೆ ಬಳಿಯ ಕಂಪನ ಮಾಪನ ಕೇಂದ್ರದಲ್ಲಿ 2018ರ ಜನವರಿ 1ರಿಂದ ಈ ದಿನದವರೆಗೆ ದಾಖಲಾದ, ಸ್ಫೋಟದಿಂದ ಉಂಟಾದವು ಎಂದು ಗುರುತಿಸಿದ ಕಂಪನಗಳ ದಿನಾಂಕ, ಸಮಯ ಮತ್ತು ಪ್ರಮಾಣದ ಪಟ್ಟಿ ಹಾಗೂ ಅವುಗಳ ಬಗ್ಗೆ ಇತರ ಇಲಾಖೆಗಳಿಗೆ ಬರೆದ ಪತ್ರಗಳ ಪ್ರತಿ ನೀಡುವುದು.’

ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ: ‘ಮೇಲಿನ ಪತ್ರಗಳು ತಲುಪಿದ ಮೇಲೆ ಕೆಆರ್‌ಎಸ್ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಕೈಗೊಂಡ ಸ್ಥಳ ತನಿಖೆಗಳ ದಿನಾಂಕ ಮತ್ತು ತನಿಖಾ ವರದಿಗಳ ಪ್ರತಿ ನೀಡುವುದು.’

ಕಾವೇರಿ ನೀರಾವರಿ ನಿಗಮಕ್ಕೆ: ‘ಅಣೆಕಟ್ಟೆ ಸುರಕ್ಷತಾ ಕಾಯ್ದೆ 2021ರಂತೆ ಕೆಆರ್‌ಎಸ್‌ಗೆ ಸಿದ್ಧಪಡಿಸಿದ ತುರ್ತು ಕ್ರಿಯಾ ಯೋಜನೆಯ ಪ್ರತಿ ಮತ್ತು ಅದನ್ನು ಕೆಳಭಾಗದ ಗ್ರಾಮ ಪಂಚಾಯ್ತಿಗಳಿಗೆ ತಿಳಿಸಿದ ಪತ್ರಗಳ ಪ್ರತಿ ನೀಡುವುದು.’

ಉತ್ತರ ಬಂದ ದಿನ ಅದನ್ನು ನಿಮ್ಮ ಮೊಬೈಲ್‌ನಲ್ಲೇ ಇಟ್ಟುಕೊಳ್ಳಬೇಡಿ. ಪ್ರಿಂಟ್ ತೆಗೆಸಿ ಊರಿಗೆ ಕಳಿಸಿ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅನ್ನುವುದು ಪಂಚಾಯ್ತಿ ಕಾಯ್ದೆಯ ಮಾತು. ಆ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಓದಲಿ, ‘ದಿನದ ಕಂಪನವನ್ನು ನೀರಿನ ಮಟ್ಟದ ಜೊತೆಗೇ ಪ್ರಕಟಿಸಬೇಕು’ ಅಂತ ಒಂದು ನಿರ್ಣಯ ಮಾಡಿಸಲಿ. ಒಂದು ಪಂಚಾಯ್ತಿಯ ನಿರ್ಣಯ ಚಿಕ್ಕದು. ಕಟ್ಟೆಯ ಕೆಳಗಿನ ಹತ್ತು ಪಂಚಾಯ್ತಿಯ ನಿರ್ಣಯವನ್ನು ಜಿಲ್ಲಾಧಿಕಾರಿ ಕಚೇರಿ ಸುಮ್ಮನೆ ಪಕ್ಕಕ್ಕೆ ಸರಿಸಲು ಆಗುವುದಿಲ್ಲ.

ಉತ್ತರದಲ್ಲಿ ‘ಕಂಪನ ಗಣನೀಯವಾಗಿಲ್ಲ, ಕಟ್ಟೆ ಭದ್ರವಾಗಿದೆ’ ಅಂತ ಅಂಕಿ ಸಮೇತ ಬಂದರೆ ನನ್ನಷ್ಟು ಖುಷಿಪಡುವವನು ಬೇರೆ ಇಲ್ಲ. ದೊಡ್ಡಪ್ಪ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ, ಕಲ್ಲು ಒಡೆಯುವವರಿಗೂ ಮುಂದಿನ ದಾರಿ ಕಾಣುತ್ತದೆ. ಅಂಕಿ ಬೇರೆ ಏನಾದರೂ ಹೇಳಿದರೆ, ಅದನ್ನು ಇವತ್ತೇ ತಿಳಿಯುವುದು ವಾಸಿ.

ಅರ್ಜಿ ಹಾಕಿದವರು ಉತ್ತರ ಬಂದಾಗ ಈ ಅಂಕಣಕ್ಕೂ ಒಂದು ಪ್ರತಿ ಕಳಿಸಿ. ಹೆಸರು ಬೇಡ ಅಂದರೆ ಹಾಕುವುದಿಲ್ಲ. ಅಂಕಿಯನ್ನು ಮಾತ್ರ ಹಾಕುತ್ತೇನೆ.